ಓದುಗರ ಪ್ರಶ್ನೆ, ನಮ್ಮ ಉತ್ತರ: ಮಲೆನಾಡಿನಲ್ಲಿ ಒಂದು ವಾರದ ಸ್ಕೌಟ್ ಶಿಬಿರ

ಬೇಸಿಗೆ ರಜೆ ಸಮೀಪಿಸುತ್ತಿರುವುದರಿಂದ ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳಿಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸ್ಕೌಟ್ ಮಾಸ್ಟರ್ ಆಗಿದ್ದೇನೆ. ಮೇ ತಿಂಗಳ ಮೊದಲ ವಾರ ನಮ್ಮ ದಳದ ಇಪ್ಪತ್ತನಾಲ್ಕು ಹುಡುಗರನ್ನು ಏಳು ದಿನಗಳ ಶಿಬಿರಕ್ಕೆ ಕರೆದೊಯ್ಯುವ ಯೋಚನೆಯಿದೆ. ಇವರಲ್ಲಿ ಅನೇಕರು ಮನೆಯವರನ್ನು ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿದವರಲ್ಲ. ತರಬೇಕಾದ ಸಾಮಾನುಗಳ ಪಟ್ಟಿಯನ್ನು ಪೋಷಕರಿಗೆ ಕಳುಹಿಸಿದರೆ ಸಾಕೇ, ಬೇರೇನಾದರೂ ತಯಾರಿ ಬೇಕೇ?

ಉತ್ತರ: ಪಟ್ಟಿ ಪೋಷಕರ ಕೈಗೆ ಹೋದರೆ ಚೀಲವನ್ನು ತುಂಬುವವರು ತಾಯಿಯೇ ಆಗಿರುತ್ತಾರೆ, ಮತ್ತು ಶಿಬಿರದ ಮೊದಲ ರಾತ್ರಿ ಟಾರ್ಚ್ ಎಲ್ಲಿದೆ, ಒಣ ಬನಿಯನ್ ಯಾವ ಚೀಲದಲ್ಲಿದೆ ಎಂಬುದು ಹುಡುಗನಿಗೆ ತಿಳಿದಿರುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಹುಡುಗರಿಂದಲೇ ಬರೆಸಿ, ಅವರೇ ಚೀಲ ಕಟ್ಟಿಕೊಂಡು ಒಂದು ಶನಿವಾರ ಶಾಲೆಗೆ ತರುವಂತೆ ಹೇಳಿ. ಎಲ್ಲವನ್ನೂ ಜಗುಲಿಯ ಮೇಲೆ ಹರಡಿಸಿ, ಮತ್ತೆ ಅವರಿಂದಲೇ ತುಂಬಿಸಿ. ಚೀಲದ ತೂಕ ಹುಡುಗನ ತೂಕದ ಐದನೆಯ ಒಂದು ಭಾಗವನ್ನು ಮೀರದಿರಲಿ, ಅಂದರೆ 35 ಕೆ.ಜಿ. ತೂಕದ ಹುಡುಗನಿಗೆ 7 ಕೆ.ಜಿ. ಸಮವಸ್ತ್ರ, ಸ್ಕಾರ್ಫ್, ಮೂರು ಜೊತೆ ಸಾಧಾರಣ ಬಟ್ಟೆ, ಜಮಖಾನ, ಹೊದಿಕೆ, ಸೊಳ್ಳೆಪರದೆ, ತಟ್ಟೆ, ಲೋಟ, ನೀರಿನ ಬಾಟಲಿ, ಟಾರ್ಚ್, ಮಳೆಯಂಗಿ ಮತ್ತು ಗಂಟು ಹಾಕುವ ಹಗ್ಗ ಈ ತೂಕದಲ್ಲಿ ಅಡಗುತ್ತವೆ. ಅಡಗದೆ ಹೋಗುವುದು ಸಾಮಾನ್ಯವಾಗಿ ಮನೆಯವರು ಕೊನೆಯ ಗಳಿಗೆಯಲ್ಲಿ ತುರುಕುವ ಚಕ್ಕುಲಿ, ಕೋಡುಬಳೆಯ ಡಬ್ಬಿ. ಅದನ್ನು ಬೇಡವೆನ್ನುವ ಬದಲು ದಳದೊಳಗಿನ ಚಿಕ್ಕ ತಂಡವಾದ ಇಡೀ ಪೆಟ್ರೋಲ್‌ಗೆ ಒಂದು ಡಬ್ಬಿಯೆಂದು ನಿಗದಿಪಡಿಸುವುದು ಮೇಲು.

ನಿಮ್ಮ ನಿಜವಾದ ತಯಾರಿ ಪೆಟ್ರೋಲ್ ಪದ್ಧತಿಯಿಂದ ಆರಂಭವಾಗಬೇಕು. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲಿ ಸುಮಾರು ಇಪ್ಪತ್ತು ಹುಡುಗರಿದ್ದು, ಅವರನ್ನು ನಾಲ್ಕು ಪೆಟ್ರೋಲ್‌ಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಲಾಗಿತ್ತು. ನಿಮ್ಮಲ್ಲಿರುವ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಆರಾರು ಹುಡುಗರ ನಾಲ್ಕು ಪೆಟ್ರೋಲ್‌ಗಳನ್ನು ಈಗಲೇ ಮಾಡಿ, ನೀರು, ಸೌದೆ, ಅಡುಗೆ, ಪಾತ್ರೆ, ಪ್ರಥಮ ಚಿಕಿತ್ಸೆ, ಸ್ವಚ್ಛತೆ ಎಂಬ ಕೆಲಸಗಳನ್ನು ಪೆಟ್ರೋಲ್ ಲೀಡರ್‌ಗಳೇ ಹಂಚಲಿ. ಹಂಚಿಕೆಯಲ್ಲಿ ಜಗಳವಾದರೆ ಅದು ಶಾಲೆಯ ಅಂಗಳದಲ್ಲೇ ಆಗಿ ಮುಗಿಯುವುದು ಒಳ್ಳೆಯದು.

ಶಿಬಿರಕ್ಕೆ ಎರಡು ವಾರ ಮುಂಚೆ ಶಾಲೆಯ ಮೈದಾನದಲ್ಲೇ ಒಂದು ರಾತ್ರಿ ತಂಗುವ ಏರ್ಪಾಡು ಮಾಡಿ. ಸಂಜೆ ಪ್ರತಿ ಪೆಟ್ರೋಲ್ ಮೂರು ಕಲ್ಲಿನ ಒಲೆ ಹೂಡಿ ತನ್ನ ಅನ್ನ ಸಾರನ್ನು ತಾನೇ ಮಾಡಿಕೊಳ್ಳಲಿ. ಮನೆಯಲ್ಲಿ ಗ್ಯಾಸ್ ಒಲೆಯನ್ನಷ್ಟೇ ಕಂಡಿರುವ ಹುಡುಗರಿಗೆ ಹಸಿ ಸೌದೆ ಹೊಗೆಯಾಡುತ್ತದೆ, ಗಾಳಿಯ ದಿಕ್ಕು ನೋಡಿ ಒಲೆ ಹೂಡಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ. ಗಂಟುಗಳನ್ನು ಬೆಂಚಿನ ಮೇಲೆ ಕೂರಿಸಿ ಕಲಿಸುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಕ್ಲೋವ್ ಹಿಚ್, ಲ್ಯಾಶಿಂಗ್ ಇತ್ಯಾದಿಗಳನ್ನು ಬಿದಿರಿನ ಗಳ ಮತ್ತು ಅಡಿಕೆ ದಬ್ಬೆಗಳಿಂದ ಪಾತ್ರೆ ಇಡುವ ಸ್ಟ್ಯಾಂಡ್, ಬಟ್ಟೆ ಒಣಗಿಸುವ ಚೌಕಟ್ಟು, ಕೈ ತೊಳೆಯುವ ಮುಕ್ಕಾಲಿಗಳನ್ನು ಕಟ್ಟಿಸುತ್ತಲೇ ಕಲಿಸಿ. ಕಟ್ಟಿದ್ದು ಕುಸಿದರೆ ಗಂಟು ತಪ್ಪಾಗಿತ್ತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟು ಹುಡುಗರ ಪಾಲಿನದು. ಇನ್ನು ಕೆಲವು ಸಂಗತಿಗಳನ್ನು ಹುಡುಗರಿಗಾಗಲಿ, ಪೋಷಕರಿಗಾಗಲಿ ವಹಿಸದೆ ನೀವೇ ನೋಡಿಕೊಳ್ಳಬೇಕು. ಶಿಬಿರದ ಜಾಗವನ್ನು ಮುಂಚಿತವಾಗಿ ನಡೆದು ನೋಡಿ, ಕುಡಿಯುವ ನೀರಿನ ಮೂಲವನ್ನು ಪರೀಕ್ಷಿಸಿ. ಗುಡ್ಡದಿಂದ ದಂಬೆಯಲ್ಲಿ ಇಳಿದು ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಮೇಲೆ ದನಗಳು ಓಡಾಡುವ ಜಾಗವಿರಬಹುದಾದ್ದರಿಂದ, ನೀರು ಕೊತಕೊತ ಕುದಿಯತೊಡಗಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿಯೇ ಕುಡಿಸಬೇಕು. ಸುತ್ತಲಿನ ಗುಡ್ಡ ಹತ್ತುವ ಯೋಜನೆಯಿದ್ದರೆ ಅರಣ್ಯ ಇಲಾಖೆಯ ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಆ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ನಿಂತಿರುವುದರಿಂದ ಶಿಬಿರಾಗ್ನಿಯನ್ನು ಕೆರೆದು ಸ್ವಚ್ಛಗೊಳಿಸಿದ ಮಣ್ಣಿನ ಮೇಲಷ್ಟೇ, ಪಕ್ಕದಲ್ಲಿ ತುಂಬಿದ ಕೊಡಗಳನ್ನಿಟ್ಟುಕೊಂಡು ಹಚ್ಚಬೇಕು. ಗಾಳಿ ಬೀಸುವ ರಾತ್ರಿ ಬೆಂಕಿಯಿಲ್ಲದೆ ಲಾಟೀನಿನ ಸುತ್ತ ಕುಳಿತು ಹಾಡಿದರೆ ಕಾರ್ಯಕ್ರಮಕ್ಕೆ ಕುಂದಿಲ್ಲ.

ಹೊಳೆಯ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಬೇಸಿಗೆಯಲ್ಲಿ ತುಂಗೆಯಾಗಲಿ, ಮಾಲತಿಯಾಗಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿರುವಂತೆ ಕಂಡರೂ ಆ ಬಂಡೆಗಳ ಬುಡದಲ್ಲೇ ಆಳವಾದ ಮಡುಗಳಿರುತ್ತವೆ. ನುರಿತ ಈಜುಗಾರರಾದ ವಯಸ್ಕರು ದಡದಲ್ಲಿ ಹಗ್ಗ ಹಿಡಿದು ನಿಂತಿರದೆ, ಹುಡುಗರನ್ನು ಇಬ್ಬಿಬ್ಬರಾಗಿ ಜೋಡಿಸಿ ಲೆಕ್ಕ ಇಡದೆ ನೀರಿಗಿಳಿಸಬಾರದು. ಈ ಏರ್ಪಾಡು ಸಾಧ್ಯವಿಲ್ಲವಾದರೆ ಕೊಡದಲ್ಲಿ ನೀರು ತಂದು ಸ್ನಾನ ಮಾಡಿಸಿ.

ಹಾವಿನ ಬಗ್ಗೆ ನಮ್ಮ ಕಡೆಯ ಮಕ್ಕಳಿಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚು. ಕಟ್ಟುಹಾವು ರಾತ್ರಿ ಸಂಚರಿಸುವಂಥದ್ದು, ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದುಂಟು, ಕಚ್ಚಿದ ಜಾಗದಲ್ಲಿ ನೋವಾಗಲಿ ಊತವಾಗಲಿ ಅಷ್ಟಾಗಿ ಕಾಣದು. ಹಾಸಿಗೆಯ ಅಡಿಗೆ ಸೊಳ್ಳೆಪರದೆಯ ಅಂಚನ್ನು ಸುತ್ತ ಸೇರಿಸಿಕೊಂಡು ಮಲಗುವುದು, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆ ಇಡದಿರುವುದು, ಬೆಳಿಗ್ಗೆ ಶೂಗಳನ್ನು ಕೊಡವಿ ಹಾಕಿಕೊಳ್ಳುವುದು ಅಭ್ಯಾಸವಾಗಲಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿಗೆ ಅಲೆಯುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗದಂತೆ ಪಟ್ಟಿ ಕಟ್ಟಿ, ಹುಡುಗನನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಬೇಕು. ನಮ್ಮಲ್ಲಿ ದೊರೆಯುವ ಹಾವಿನ ವಿಷದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಾದದ್ದು. ಅದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆ, 108 ಆಂಬುಲೆನ್ಸ್ ಶಿಬಿರದ ಜಾಗ ತಲುಪಲು ಎಷ್ಟು ಹೊತ್ತು ಬೇಕು, ಅಲ್ಲಿ ಮೊಬೈಲ್ ಸಿಗ್ನಲ್ ಇದೆಯೇ ಎಂಬುದನ್ನು ಹೋಗುವ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಮಗನ ಶಿಬಿರ ಕಾಡಂಚಿನ ಊರೊಂದರಲ್ಲಿ ಏಪ್ರಿಲ್ ಕೊನೆಯಲ್ಲಿ ಇದೆಯೆಂದು ತಿಳಿಯಿತು. ಮಂಗನ ಕಾಯಿಲೆಯ ಭಯದಿಂದ ಕಳುಹಿಸಲು ಮನಸ್ಸಾಗುತ್ತಿಲ್ಲ. ಇಂಬಳಗಳ (ಜಿಗಣೆಗಳ) ಹೆದರಿಕೆಯೂ ಇದೆ. ಮನೆಯವರು ನನ್ನದು ಅತಿಯಾಯಿತು ಎನ್ನುತ್ತಾರೆ.

ಉತ್ತರ: ನಿಮ್ಮದು ಅತಿಯಲ್ಲ, ತಾಯಿ. ಈ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಡಿಸೆಂಬರ್‌ನಿಂದ 2019ರ ಬೇಸಿಗೆಯವರೆಗೆ ನಿಮ್ಮ ತಾಲ್ಲೂಕಿನ ಅರಳಗೋಡು ಭಾಗದ ಜನ ಅದರಿಂದ ಪಟ್ಟ ಪಾಡು ಇನ್ನೂ ಯಾರಿಗೂ ಮರೆತಿಲ್ಲ. ಕಾಯಿಲೆ ಡಿಸೆಂಬರ್ ಸುಮಾರಿಗೆ ಕಾಣಿಸಿಕೊಂಡು ಮಳೆಗಾಲ ಹಿಡಿಯುವವರೆಗೂ ಇರುತ್ತದೆ, ಅಂದರೆ ಬೇಸಿಗೆ ಶಿಬಿರಗಳ ಕಾಲ ಅದರೊಳಗೇ ಬೀಳುತ್ತದೆ. ಹಾಗೆಂದು ಶಿಬಿರವನ್ನೇ ಬಿಡಬೇಕಾಗಿಲ್ಲ, ಜಾಗದ ಬಗ್ಗೆ ಮಾತ್ರ ಪಟ್ಟು ಹಿಡಿಯಬೇಕು.

ರೋಗವನ್ನು ಹರಡುವುದು ಉಣುಗು. ಮಂಗಗಳಿಗೂ ಅದರಿಂದಲೇ ಸೋಂಕು ತಗಲುತ್ತದೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ತರಗೆಲೆಯಲ್ಲಿ ಕಾದಿದ್ದು ಹಾದುಹೋಗುವವರನ್ನು ಹತ್ತುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಆದ್ದರಿಂದ ಶಿಬಿರವನ್ನು ಕಾಡಿನ ಮರಗಳ ಅಡಿಯಲ್ಲಿ, ದನಗಳು ಮೇಯಲು ಹೋಗುವ ಹಾದಿಯ ಪಕ್ಕದಲ್ಲಿ ಹೂಡಬಾರದು. ಶಾಲೆಯ ಮೈದಾನ, ಗುಡಿಸಿದ ಅಂಗಳ, ಬಿಸಿಲು ಬೀಳುವ ಬಯಲು ಯೋಗ್ಯ. ಸ್ಕೌಟ್ ಮಾಸ್ಟರ್ ಅವರನ್ನು ಕಂಡು, ಆ ಊರಿನಲ್ಲಾಗಲಿ ಸುತ್ತಮುತ್ತಲಾಗಲಿ ಈ ವರ್ಷ ಜ್ವರ ಅಥವಾ ಮಂಗಗಳ ಸಾವು ವರದಿಯಾಗಿದೆಯೇ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದ್ದೀರಾ ಎಂದು ಕೇಳಿ. ವಿಚಾರಿಸಿಲ್ಲವೆಂದರೆ ವಿಚಾರಿಸುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿರುವುದು ನಿಮ್ಮ ಹಕ್ಕು. ವರದಿಯಾಗಿದ್ದರೆ ಜಾಗ ಬದಲಿಸಲೇಬೇಕು.

ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿರುವುದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ರಕ್ಷಣೆ. ಮಗನಿಗೆ ತೋಳು ಮುಚ್ಚುವ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ಅಂಚನ್ನು ಒಳಗೆ ಸೇರಿಸಬಹುದಾದ ಉದ್ದ ಕಾಲುಚೀಲ ಕೊಡಿ. ತಿಳಿ ಬಣ್ಣದ್ದಾದರೆ ಹತ್ತಿದ ಉಣುಗು ಬೇಗ ಕಾಣುತ್ತದೆ. ಬಾಧಿತ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಹಂಚುವ, ಉಣುಗು ಹತ್ತದಂತೆ ತಡೆಯುವ ಡೆಪಾ ತೈಲವನ್ನು ಮಕ್ಕಳಿಗೆ ಹಚ್ಚುವ ಕ್ರಮವನ್ನು ಅವರಿಂದಲೇ ಕೇಳಿ ತಿಳಿಯಿರಿ. ಪ್ರತಿ ಸಂಜೆ ಸ್ನಾನದ ಹೊತ್ತಿಗೆ ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಕೂದಲಿನ ಬುಡಗಳನ್ನು ತಡವಿ ನೋಡಿಕೊಳ್ಳುವುದನ್ನು ಈಗಿನಿಂದಲೇ ರೂಢಿ ಮಾಡಿಸಿ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವ ಮರಿ ಉಣುಗುಗಳು ಕಣ್ಣಿಗೆ ಸುಲಭವಾಗಿ ಬೀಳದಷ್ಟು ಸಣ್ಣವು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಮೇಲಕ್ಕೆ ಎಳೆದು, ಜಾಗವನ್ನು ಸೋಪಿನಿಂದ ತೊಳೆಯಬೇಕು. ಸುಡುವುದು, ಸೀಮೆಎಣ್ಣೆ ಹಾಕುವುದು, ಬೆರಳಿನಿಂದ ಜಜ್ಜುವುದು ಕೂಡದು. ಸತ್ತ ಮಂಗ ಕಂಡರೆ ಯಾರೂ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ಸುದ್ದಿ ಮುಟ್ಟಿಸಬೇಕು.

ಇದಕ್ಕಿಂತ ಮುಖ್ಯವಾದ ಒಂದು ಮಾತು ಪೋಷಕರ ಗಮನಕ್ಕೆ ಬರುವುದೇ ಇಲ್ಲ. ಉಣುಗು ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುವುದರಿಂದ, ಶಿಬಿರದ ಕೊನೆಯ ದಿನ ಕಚ್ಚಿಸಿಕೊಂಡ ಹುಡುಗನಿಗೆ ಜ್ವರ ಬರುವುದು ಮನೆಗೆ ಮರಳಿದ ಮೇಲೆ. ಆಗ ಬೇಸಿಗೆಯ ಬಿಸಿಲಿಗೆ ಬಂದದ್ದು, ಆಯಾಸಕ್ಕೆ ಬಂದದ್ದು ಎಂದು ಸುಮ್ಮನಿರುವುದು ಸಹಜ. ಹಿಂತಿರುಗಿದ ಎರಡು ವಾರಗಳೊಳಗೆ ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಗ ಎಲ್ಲಿ ಶಿಬಿರಕ್ಕೆ ಹೋಗಿದ್ದನೆಂಬುದನ್ನು ವೈದ್ಯರಿಗೆ ಮೊದಲು ಹೇಳಿ, ರಕ್ತಪರೀಕ್ಷೆ ಮಾಡಿಸಿ. ರಕ್ತಸ್ರಾವಕ್ಕೆ ದಾರಿ ಮಾಡುವ ಜ್ವರವಾದ್ದರಿಂದ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಸ್ವಂತವಾಗಿ ಕೊಡಬೇಡಿ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಮರುಕಳಿಸುವುದೂ ಉಂಟು.

ಇಂಬಳದ ಬಗ್ಗೆಯೂ ಕೇಳಿದ್ದೀರಿ. ಒಂದೆರಡು ಮಳೆ ಬಿದ್ದ ಮೇಲೆ ಅವು ಕಾಣಿಸಿಕೊಳ್ಳಬಹುದು. ಉಪ್ಪು ತಾಗಿಸಿದರೆ ಬಿಡುತ್ತವೆ. ಉಣುಗಿಗೆ ಹೆದರಬೇಕಾದಷ್ಟು ಇವಕ್ಕೆ ಹೆದರಬೇಕಾಗಿಲ್ಲ.

ಪ್ರಶ್ನೆ: ಶಿವಮೊಗ್ಗ ನಗರದ ನಿವಾಸಿ ನಾನು. ಹನ್ನೊಂದು ವರ್ಷದ ಮಗ ರಾತ್ರಿ ತಾಯಿ ಪಕ್ಕದಲ್ಲಿದ್ದರಷ್ಟೇ ಮಲಗುತ್ತಾನೆ. ಶಿಬಿರಕ್ಕೆ ಹೋಗುವ ಉತ್ಸಾಹವೇನೋ ಇದೆ. ಸರಿಹೋಗದಿದ್ದರೆ ಅದೇ ರಾತ್ರಿ ಬಂದು ಕರೆದುಕೊಂಡು ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ತಪ್ಪೇ?

ಉತ್ತರ: ಪ್ರೀತಿಯಿಂದ ಕೊಟ್ಟ ಮಾತೇ ಆದರೂ ಅದು ಅವನಿಗೆ ನೆರವಾಗುವುದಿಲ್ಲ. ಮೊದಲ ರಾತ್ರಿ ಮನೆ ನೆನಪಾದಾಗ, ಸ್ವಲ್ಪ ಹೊತ್ತು ಸಹಿಸಿದರೆ ನಿದ್ದೆ ಬರುತ್ತದೆ ಎಂದು ಯೋಚಿಸುವ ಬದಲು ಅಪ್ಪನಿಗೆ ಹೇಗೆ ಸುದ್ದಿ ಮುಟ್ಟಿಸುವುದೆಂದೇ ಯೋಚಿಸುತ್ತಾನೆ. ಮಾತನ್ನು ಹಿಂತೆಗೆದುಕೊಂಡೆನೆಂದು ಹೇಳುವ ಅಗತ್ಯವಿಲ್ಲ. ಬೇಸರವಾದರೆ ಪೆಟ್ರೋಲ್ ಲೀಡರ್‌ಗೋ ಸ್ಕೌಟ್ ಮಾಸ್ಟರ್‌ಗೋ ಹೇಳು, ಏನು ಮಾಡಬೇಕೆಂದು ಅವರಿಗೆ ಗೊತ್ತಿದೆ ಎಂದು ಈಗಿನಿಂದ ಹೇಳುತ್ತಾ ಬನ್ನಿ. ಅಷ್ಟರೊಳಗೆ ಅವನನ್ನು ಅಜ್ಜಿಯ ಮನೆಗೋ ಚಿಕ್ಕಪ್ಪನ ಮನೆಗೋ ಒಬ್ಬನನ್ನೇ ಎರಡು ಮೂರು ರಾತ್ರಿ ಕಳುಹಿಸಿ, ಜಮಖಾನದ ಮೇಲೆ ಬೇರೆಯೇ ಮಲಗುವ ಅಭ್ಯಾಸವಾಗಲಿ.

ಮಗನಿಗೆ ಹಾಸಿಗೆ ಒದ್ದೆ ಮಾಡುವ ತೊಂದರೆಯಿದ್ದರೆ, ಆಸ್ತಮಾ ಅಥವಾ ಅಲರ್ಜಿಯಿದ್ದರೆ ಮರೆಮಾಚದೆ ಸ್ಕೌಟ್ ಮಾಸ್ಟರ್ ಒಬ್ಬರಿಗೇ ತಿಳಿಸಿ, ಔಷಧಿಯನ್ನು ಪ್ರಮಾಣ ಬರೆದು ಅವರ ಕೈಗೇ ಕೊಡಿ. ಇಂಥದ್ದನ್ನು ಮುಚ್ಚಿಟ್ಟು ಕಳುಹಿಸುವ ಪೋಷಕರಿಂದ ಮಕ್ಕಳು ಪಡುವ ಸಂಕಟ ಮನೆಯ ನೆನಪಿನಿಂದ ಪಡುವುದಕ್ಕಿಂತ ಹೆಚ್ಚು.

ಪ್ರಶ್ನೆ: ಹೊಸನಗರ ತಾಲ್ಲೂಕಿನ ಗೈಡ್ ಕ್ಯಾಪ್ಟನ್ ನಾನು. ಶಿಬಿರದ ವಾರದಲ್ಲಿ ಮುಟ್ಟಾಗಬಹುದೆಂಬ ಒಂದೇ ಕಾರಣಕ್ಕೆ ಪ್ರತಿ ವರ್ಷ ಕೆಲವು ಹುಡುಗಿಯರು ಹಿಂದೆ ಸರಿಯುತ್ತಾರೆ. ಏನು ಮಾಡಬಹುದು?

ಉತ್ತರ: ಶಿಬಿರಕ್ಕೆ ಮುಂಚಿನ ಪೋಷಕರ ಸಭೆಯಲ್ಲಿ ತಾಯಂದಿರೊಂದಿಗೆ ಬೇರೆಯಾಗಿ ಕುಳಿತು ನೀವೇ ಈ ವಿಷಯವನ್ನು ಎತ್ತಿ, ಏರ್ಪಾಡು ಏನೆಂದು ವಿವರವಾಗಿ ಹೇಳಿದರೆ ಅರ್ಧ ಅಳುಕು ಅಲ್ಲಿಯೇ ಹೋಗುತ್ತದೆ. ಚಿಲಕವಿರುವ, ನೀರು ಮತ್ತು ಬೆಳಕು ಇರುವ ಶೌಚಾಲಯವಿಲ್ಲದ ಜಾಗವನ್ನು ಹುಡುಗಿಯರ ಶಿಬಿರಕ್ಕೆ ಆರಿಸಲೇಬೇಡಿ. ಪ್ಯಾಡುಗಳನ್ನು ಸುತ್ತಿ ಹಾಕಲು ಮುಚ್ಚಳವಿರುವ ಡಬ್ಬಿ, ಅದನ್ನು ವಿಲೇವಾರಿ ಮಾಡುವ ಜವಾಬ್ದಾರಿ ಹೊತ್ತ ಒಬ್ಬ ಹಿರಿಯರು, ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಾದ ಕಡೆ ಹೆಚ್ಚುವರಿ ಪ್ಯಾಡು, ಬಿಸಿನೀರು ಇಷ್ಟು ಇರಲಿ. ಬಟ್ಟೆ ಬಳಸುವ ಹುಡುಗಿಯರಿದ್ದರೆ ತೊಳೆದದ್ದನ್ನು ಬಿಸಿಲಿನಲ್ಲಿ ಒಣಗಿಸಲು ಮರೆಯಿರುವ ಜಾಗ ಬೇಕು. ಎಂದಿಗೂ ಮುಟ್ಟಾಗದ ಚಿಕ್ಕ ಹುಡುಗಿಗೆ ಶಿಬಿರದಲ್ಲೇ ಮೊದಲ ಬಾರಿ ಆಗಬಹುದಾದ್ದರಿಂದ ಎಲ್ಲರಿಗೂ ಮುಂಚೆಯೇ ತಿಳಿವಳಿಕೆ ಕೊಡುವುದು ಒಳಿತು.

ನಮ್ಮ ಮನೆಗಳಲ್ಲಿ ಆ ದಿನಗಳಲ್ಲಿ ಅಡುಗೆಮನೆಗೆ ಬಾರದಿರುವ ಪದ್ಧತಿ ಈಗಲೂ ಅಲ್ಲಲ್ಲಿ ಇದೆ. ಶಿಬಿರದಲ್ಲಿ ಅಡುಗೆಯ ಸರದಿ ಬಂದ ಹುಡುಗಿ ಅದನ್ನು ಮಾಡುತ್ತಾಳೆ; ಹೊಟ್ಟೆನೋವಿದ್ದರೆ ವಿಶ್ರಾಂತಿ ಪಡೆಯುತ್ತಾಳೆ; ಕಾರಣವನ್ನು ಯಾರೂ ಕೇಳುವುದಿಲ್ಲ. ಈ ನಿಯಮವನ್ನು ಪೋಷಕರಿಗೆ ಮೊದಲೇ ತಿಳಿಸಿಬಿಡಿ, ಆಮೇಲಿನ ವಾದ ತಪ್ಪುತ್ತದೆ.

ಪ್ರಶ್ನೆ: ಮಾನ್ಯರೇ, ನಾನು ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ಪೆಟ್ರೋಲ್ ಲೀಡರ್. ನಮ್ಮ ಆರು ಜನರಿಗೆ ಅಡುಗೆ ಸಾಮಾನಿನ ಲೆಕ್ಕ ಹೇಗೆ ಮಾಡಬೇಕು? ಮಳೆ ಬಂದರೆ ಡೇರೆಯೊಳಗೆ ಇರಬಹುದೇ?

ಉತ್ತರ: ಲೆಕ್ಕಕ್ಕೆ ನಿಮ್ಮ ಶಾಲೆಯ ಬಿಸಿಯೂಟವನ್ನೇ ಆಧಾರ ಮಾಡಿಕೊ. ಅಲ್ಲಿ 6ರಿಂದ 8ನೆಯ ತರಗತಿಯ ಒಬ್ಬ ವಿದ್ಯಾರ್ಥಿಗೆ ಒಂದು ಊಟಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂದು ನಿಗದಿಯಾಗಿದೆ. ನಿಮ್ಮ ಆರು ಜನರಿಗೆ ಒಂದು ಹೊತ್ತಿಗೆ 900 ಗ್ರಾಂ ಅಕ್ಕಿ, 180 ಗ್ರಾಂ ಬೇಳೆ, ಸುಮಾರು ಅರ್ಧ ಕಿಲೋ ತರಕಾರಿ ಆಯಿತು. ದಿನವಿಡೀ ನಡೆದು ಬಂದ ರಾತ್ರಿ ಇದಕ್ಕೆ ಇನ್ನೊಂದು ಪಾವು ಸೇರಿಸು. ಬೆಳಗಿನ ತಿಂಡಿಗೆ ಅವಲಕ್ಕಿ ಇರಲಿ. ಸೌದೆ ಒದ್ದೆಯಾದ ದಿನ ಅದರ ಬೆಲೆ ಗೊತ್ತಾಗುತ್ತದೆ. ಒಂದು ಒಣ ಸೌದೆಯ ಕಟ್ಟನ್ನು ಮೊದಲ ದಿನವೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತೆಗೆದಿಡು.

ಮೇ ತಿಂಗಳ ಮೊದಲ ವಾರವೆಂದರೆ ಭರಣಿ ಮಳೆಯ ಕಾಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಕಾಯುತ್ತಿರುತ್ತಾರಾದರೂ ಶಿಬಿರದವರಿಗೆ ಅದು ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಗಾಳಿಯೊಂದಿಗೆ ಬರುವ ಮಳೆ. ಬರೀ ಮಳೆಯಾದರೆ ಡೇರೆಯ ಸುತ್ತ ಮುಂಚೆಯೇ ಕಾಲುವೆ ತೋಡಿ, ಹಗ್ಗಗಳನ್ನು ಸ್ವಲ್ಪ ಸಡಿಲಿಸಿ ಒಳಗಿರಬಹುದು, ಏಕೆಂದರೆ ಹತ್ತಿಯ ಹಗ್ಗ ನೆನೆದಾಗ ಬಿಗಿಯಾಗಿ ಗೂಟವನ್ನೇ ಕೀಳುತ್ತದೆ. ಗುಡುಗಿದರೆ ಡೇರೆಯೊಳಗೆ ಇರಬಾರದು, ಅದು ಸಿಡಿಲಿನಿಂದ ಕಾಪಾಡುವುದಿಲ್ಲ. ಮಿಂಚು ಕಂಡೊಡನೆ ಎಣಿಸಲು ಆರಂಭಿಸು: ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡ್ ಬೇಕು, ಆದ್ದರಿಂದ 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಆಗ ನಿನ್ನ ಐದೂ ಜನರನ್ನು ಕರೆದುಕೊಂಡು ಶಾಲೆಯ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಗೆ ಬರಬೇಡ. ಒಂಟಿ ಮರದ ಅಡಿ, ಬಯಲು, ತಂತಿಬೇಲಿ, ಹೊಳೆಯ ದಂಡೆ ಯಾವುದೂ ಸಲ್ಲದು. ಹತ್ತಿರ ಕಟ್ಟಡವಿಲ್ಲದ ಜಾಗವಾದರೆ ಈ ಪತ್ರವನ್ನು ನಿಮ್ಮ ಸ್ಕೌಟ್ ಮಾಸ್ಟರ್ ಅವರಿಗೆ ತೋರಿಸು.

ಪ್ರಶ್ನೆ: ಶಿಬಿರಕ್ಕೆ ಮಕ್ಕಳು ಮೊಬೈಲ್ ತರಬಾರದೆಂದರೆ ಪೋಷಕರು ಒಪ್ಪುತ್ತಿಲ್ಲ. — ಮುಖ್ಯೋಪಾಧ್ಯಾಯರೊಬ್ಬರು, ಸೊರಬ

ಉತ್ತರ: ನಿಷೇಧವನ್ನು ಸಡಿಲಿಸಬೇಡಿ, ಆದರೆ ಪೋಷಕರಿಗೆ ಸುದ್ದಿಯ ದಾರಿಯನ್ನು ತೆರೆದಿಡಿ. ಪ್ರತಿ ರಾತ್ರಿ ಎಂಟು ಗಂಟೆಗೆ ಶಿಕ್ಷಕರೊಬ್ಬರು ಪೋಷಕರ ವಾಟ್ಸಾಪ್ ಗುಂಪಿಗೆ ಎಲ್ಲರೂ ಕ್ಷೇಮವೆಂಬ ಒಂದು ಸಾಲು, ಆ ದಿನದ ಒಂದು ಸಾಮೂಹಿಕ ಫೋಟೋ ಕಳುಹಿಸಲಿ. ಸಿಗ್ನಲ್ ಇಲ್ಲದ ಜಾಗವಾದರೆ ಪೇಟೆಗೆ ಸಾಮಾನು ತರಲು ಹೋಗುವವರು ಕಳುಹಿಸಲಿ, ಸುದ್ದಿ ಯಾವ ಹೊತ್ತಿಗೆ ಬರುತ್ತದೆಂಬುದನ್ನು ಮೊದಲೇ ತಿಳಿಸಿರಿ. ತುರ್ತಿಗೆ ಎರಡು ದೂರವಾಣಿ ಸಂಖ್ಯೆಗಳನ್ನು ಕೊಡಿ, ಒಂದು ಶಿಬಿರದಲ್ಲಿರುವವರದು, ಇನ್ನೊಂದು ಊರಿನಲ್ಲೇ ಉಳಿದಿರುವ ಶಿಕ್ಷಕರದು. ಯಾವುದೇ ಮಗುವಿಗೆ ಜ್ವರವೋ ಪೆಟ್ಟೋ ಆದರೆ ರಾತ್ರಿಯ ಸಂದೇಶಕ್ಕಾಗಿ ಕಾಯದೆ ಆ ಪೋಷಕರಿಗೆ ಕೂಡಲೇ ಕರೆ ಮಾಡುವುದಾಗಿ ಒಪ್ಪಿಗೆ ಪತ್ರದಲ್ಲೇ ಬರೆದು ಕೊಡಿ.